ಎಂಟು ಜನರ ಆಫೀಸಿಗೆ ಒಂದು ಸರ್ವರ್: ಮಷಿನ್ ಆರಿಸುವುದರಿಂದ ಬ್ಯಾಕಪ್ ತನಕ

ಸಣ್ಣ ಆಫೀಸುಗಳಲ್ಲೂ ಸರ್ವರ್ ಇರುತ್ತದೆ. ಏನಂದ್ರೆ, ಅದರ ಮುಂದೆ ಒಬ್ಬರು ಕೂತಿರುತ್ತಾರೆ. ಅಕೌಂಟೆಂಟ್ ಕಂಪ್ಯೂಟರೇ ಸರ್ವರ್. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಡೇಟಾ ಅದರಲ್ಲೇ, ಸ್ಕ್ಯಾನ್ ಮಾಡಿದ ಬಿಲ್ಲುಗಳೂ ಅದರಲ್ಲೇ, ಪ್ರಿಂಟರ್ ಕೂಡ ಅದಕ್ಕೇ ಹಾಕಿರೋದು. ಅವರು ರಜೆ ಹಾಕಿದ ದಿನ ಬೇರೆ ಯಾರೋ ಬಂದು ಅದನ್ನು ಆನ್ ಮಾಡಬೇಕು, ಅವರ ಪೆನ್‌ಡ್ರೈವಿನಿಂದ ವೈರಸ್ ಬಂದರೆ ಎಲ್ಲರಿಗೂ ಹಬ್ಬ, ಮಧ್ಯಾಹ್ನ ವಿಂಡೋಸ್ ಅಪ್‌ಡೇಟ್ ಅಂತ ಅದು ರೀಸ್ಟಾರ್ಟ್ ಆದರೆ ಇಡೀ ಆಫೀಸಿನ ಟ್ಯಾಲಿ ಒಟ್ಟಿಗೆ ನಿಲ್ಲುತ್ತದೆ.

ಡೆಡಿಕೇಟೆಡ್ ಸರ್ವರ್ ಅಂದರೆ ಆ ಕುರ್ಚಿಯನ್ನು ತೆಗೆಯುವುದು, ಅಷ್ಟೇ. ಯಾರೂ ಕೂರದ, ಮಾನಿಟರ್ ಕೂಡ ಇಲ್ಲದ, ಮೂಲೆಯಲ್ಲಿ ಒಂದೇ ಕೆಲಸ ಮಾಡುತ್ತಿರುವ ಮಷಿನ್. ಡೇಟಾ ಸೆಂಟರಿನಲ್ಲಿ ತಿಂಗಳ ಬಾಡಿಗೆಗೆ ಸಿಗುವುದನ್ನೂ ಇದೇ ಹೆಸರಿನಿಂದ ಕರೀತಾರೆ, ಅದು ವೆಬ್‌ಸೈಟ್ ನಡೆಸುವವರಿಗೆ. ಅದರ ಮಾತು ಇಲ್ಲಿಲ್ಲ.

ಉದಾಹರಣೆಗೆ ಹಾವೇರಿಯಲ್ಲೋ ತುಮಕೂರಿನಲ್ಲೋ ಒಂದು ಆಡಿಟರ್ ಆಫೀಸು ಅಂದುಕೊಳ್ಳಿ. ಎಂಟು ಜನ, ಅದರಲ್ಲಿ ಮೂವರು ಆರ್ಟಿಕಲ್‌ಶಿಪ್, ಅಂದರೆ ಸಿಎ ತರಬೇತಿಗೆ ಬಂದ ಹುಡುಗ ಹುಡುಗಿಯರು. ವಕೀಲರ ಆಫೀಸು, ಡಿಟಿಪಿ ಸೆಂಟರ್, ಅಡಿಕೆ ಮಂಡಿ, ಸಣ್ಣ ಕ್ಲಿನಿಕ್ ಆದರೂ ಹಂತಗಳು ಬಹುಪಾಲು ಇವೇ.

ಮೊದಲೇ ಹೇಳಿಬಿಡುತ್ತೇನೆ, ಪ್ರೊಸೆಸರಿಗೆ ದುಡ್ಡು ಸುರಿಯಬೇಡಿ. ಇಂಥ ಆಫೀಸಿನಲ್ಲಿ ಸರ್ವರ್ ದಿನವಿಡೀ ಮಾಡುವುದು ಫೈಲು ಕೊಡುವುದು, ಫೈಲು ತಗೊಳ್ಳುವುದು. ಹಳೇ ಐ5 ಕೂಡ ಅಷ್ಟಕ್ಕೆ ಆಕಳಿಸುತ್ತಾ ಕೂತಿರುತ್ತದೆ. ದುಡ್ಡು ಹೋಗಬೇಕಾದ್ದು ಡಿಸ್ಕಿಗೆ, ಯುಪಿಎಸ್‌ಗೆ, ಬ್ಯಾಕಪ್ಪಿಗೆ.

ನಿಮಗೆ ನಿಜವಾಗಲೂ ಬೇಕಾ?

ಇಬ್ಬರು ಮೂವರೇ ಇದ್ದು, ಕೆಲಸವೆಲ್ಲ ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವಿನಲ್ಲೇ ನಡೆಯುತ್ತಿದ್ದರೆ ಬೇಡ. ಇಲ್ಲೇ ಓದು ನಿಲ್ಲಿಸಬಹುದು. ಒಂದೇ ಟ್ಯಾಲಿ ಕಂಪನಿಯನ್ನು ನಾಲ್ಕು ಜನ ಒಟ್ಟಿಗೆ ತೆರೆಯುತ್ತಾರೆ, ಇಂಟರ್‌ನೆಟ್ ಹೋದ ದಿನವೂ ಕೆಲಸ ನಡೆಯಬೇಕು, ವರ್ಷಗಟ್ಟಲೆಯ ದಾಖಲೆ ಒಂದೇ ಕಡೆ ಬೇಕು ಅನ್ನುವವರಿಗೆ ಬೇಕು.

ಹಂತ 1: ಒಳಗೆ ಏನು ಓಡುತ್ತದೆ ಅಂತ ಮೊದಲು ತೀರ್ಮಾನಿಸಿ

ಮಷಿನ್ ಕೊಂಡ ಮೇಲೆ ಇದನ್ನು ಯೋಚಿಸುವವರೇ ಜಾಸ್ತಿ. ಉಲ್ಟಾ ಮಾಡಿ. ಆಫೀಸಿನಲ್ಲಿ ಬಳಸುವ ಸಾಫ್ಟ್‌ವೇರುಗಳನ್ನೆಲ್ಲ ಪಟ್ಟಿ ಮಾಡಿ, ಮಾರಿದವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಇದರ ಡೇಟಾ ಬರೀ ಶೇರ್ಡ್ ಫೋಲ್ಡರಿನಲ್ಲಿದ್ದರೆ ಸಾಕಾ, ಇಲ್ಲ ಸರ್ವರಿನಲ್ಲೇ ಏನಾದರೂ ಇನ್‌ಸ್ಟಾಲ್ ಆಗಬೇಕಾ?

ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಮೇಲೆ ಓಡುವ ಬಿಲ್ಲಿಂಗ್ ಅಥವಾ ಟ್ಯಾಕ್ಸ್ ಸಾಫ್ಟ್‌ವೇರ್ ಇದ್ದರೆ ವಿಂಡೋಸ್ ದಾರಿಯೇ ಸರಿ. ಅಲ್ಲಿ ಲೈಸೆನ್ಸ್ ಲೆಕ್ಕ ಸ್ವಲ್ಪ ನೋಡಿಕೊಳ್ಳಬೇಕು. ವಿಂಡೋಸ್ 11 ಪ್ರೊ ಹಾಕಿದ ಸಾಮಾನ್ಯ ಕಂಪ್ಯೂಟರನ್ನೇ ಫೈಲ್ ಸರ್ವರ್ ಮಾಡಬಹುದು, ಆದರೆ 20 ಕನೆಕ್ಷನ್ ಮಿತಿ ಇದೆ. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ತಗೊಂಡರೆ ಮಷಿನ್ ಲೈಸೆನ್ಸ್ ಅಲ್ಲದೆ ಬಳಸುವ ಪ್ರತಿಯೊಬ್ಬರಿಗೂ, ಅಥವಾ ಪ್ರತಿ ಕಂಪ್ಯೂಟರಿಗೂ, ಕ್ಯಾಲ್ ಅನ್ನುವ ಲೈಸೆನ್ಸ್ ಬೇಕು. ಕೊಟೇಶನ್ನಿನಲ್ಲಿ ಇದು ಇಲ್ಲದಿದ್ದರೆ ಕೇಳಿ. ಎಸೆನ್ಷಿಯಲ್ಸ್ ಅನ್ನುವ ಸಣ್ಣ ಆವೃತ್ತಿಗೆ ಕ್ಯಾಲ್ ಬೇಡ, 25 ಜನ ಮತ್ತು 50 ಡಿವೈಸ್ ತನಕ ಆಗುತ್ತದೆ. ಯಾರಾದರೂ ಹಳೇ ಸರ್ವರ್ 2012 ಇರುವ ಮಷಿನ್ ಅಗ್ಗಕ್ಕೆ ಕೊಡ್ತೀನಿ ಅಂದರೆ ಬೇಡ ಅನ್ನಿ. ಅದಕ್ಕೆ ಸಾಮಾನ್ಯ ಸೆಕ್ಯುರಿಟಿ ಅಪ್‌ಡೇಟ್ 2023ರ ಅಕ್ಟೋಬರಿಗೇ ನಿಂತಿದೆ.

ಬರೀ ಶೇರ್ಡ್ ಫೋಲ್ಡರ್ ಸಾಕು ಅಂತಾದರೆ ಲಿನಕ್ಸ್ ಹಾಕಿ. ಲೈಸೆನ್ಸ್ ದುಡ್ಡು ಉಳಿಯುತ್ತದೆ, ಹಳೇ ಮಷಿನ್ನಿನಲ್ಲೂ ಹಗುರವಾಗಿ ಓಡುತ್ತದೆ, ತಿಂಗಳುಗಟ್ಟಲೆ ತಂಟೆ ಮಾಡುವುದಿಲ್ಲ. ವಿಂಡೋಸ್ ಕಂಪ್ಯೂಟರುಗಳ ಜೊತೆ ಲಿನಕ್ಸ್ ಮಾತಾಡುವುದು ಸಾಂಬಾ ಅನ್ನುವ ಪ್ರೋಗ್ರಾಂ ಮೂಲಕ. 1992ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಶುರು ಮಾಡಿದ್ದು, ಇವತ್ತಿಗೂ ಉಚಿತ.

ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯುವುದಕ್ಕೆ ಹೆದರುವವರಿಗೆ ಓಪನ್‌ಮೀಡಿಯಾವಾಲ್ಟ್ ಇದೆ. ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು, ಬ್ರೌಸರಿನಲ್ಲೇ ಎಲ್ಲ ಸೆಟ್ಟಿಂಗ್ ಮಾಡಬಹುದು. ಮುಂದಿನ ಹಂತಗಳನ್ನು ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಅಷ್ಟೂ ತಲೆನೋವು ಬೇಡ ಅನ್ನುವವರು ಸಿನಾಲಜಿಯಂಥ ಕಂಪನಿಯ ಸಿದ್ಧ ನ್ಯಾಸ್ (ಫೈಲ್ ಸರ್ವರ್ ಕೆಲಸಕ್ಕೇ ಮಾಡಿದ) ಪೆಟ್ಟಿಗೆ ತಗೊಳ್ಳಬಹುದು. ದುಡ್ಡು ಜಾಸ್ತಿ, ತಲೆನೋವು ಕಡಿಮೆ.

ಹಂತ 2: ಮಷಿನ್ ಮತ್ತು ಡಿಸ್ಕ್

ಆರೇಳು ವರ್ಷ ಹಳೆಯ ಐ5 ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್. ಎಂಟು ಜನರ ಫೈಲ್ ಸರ್ವರಿಗೆ ಧಾರಾಳ ಸಾಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ರೀಫರ್ಬಿಶ್ ಮಾಡಿದ ಬ್ರಾಂಡೆಡ್ ಆಫೀಸ್ ಮಷಿನ್‌ಗಳು ಸಾಲುಸಾಲಾಗಿ ಸಿಗುತ್ತವೆ. ಎರಡು ದೊಡ್ಡ ಡಿಸ್ಕ್ ಕೂರುವ ಜಾಗ ಇದೆಯಾ, ಮದರ್‌ಬೋರ್ಡಿನಲ್ಲಿ ಡಿಸ್ಕಿನ ಕೇಬಲ್ ಚುಚ್ಚುವ ಸಾಟಾ ಪೋರ್ಟ್ ಮೂರು ಇದೆಯಾ ಅಂತ ಮುಚ್ಚಳ ತೆಗೆಸಿ ನೋಡಿ. ಪುಟಾಣಿ ಮಿನಿ ಪಿಸಿಗಳಲ್ಲಿ ಆ ಜಾಗ ಇರುವುದಿಲ್ಲ.

ಡಿಸ್ಕ್ ಮಾತ್ರ ಹಳೆಯದು ಬೇಡವೇ ಬೇಡ. ಮೂರು ಬೇಕು. ಸಿಸ್ಟಮ್ಮಿಗೆ ಒಂದು ಸಣ್ಣ ಎಸ್‌ಎಸ್‌ಡಿ, ಡೇಟಾಕ್ಕೆ ಒಂದೇ ಅಳತೆಯ ಎರಡು ಹಾರ್ಡ್‌ಡಿಸ್ಕ್. ಆ ಎರಡರಲ್ಲೂ ಒಂದೇ ಡೇಟಾ ಇರುತ್ತದೆ. ಇದಕ್ಕೆ ರೇಡ್ 1 ಅಂತಾರೆ, ಒಂದು ಸತ್ತರೂ ಇನ್ನೊಂದು ನಡೆಸುತ್ತದೆ. 4 ಟಿಬಿಯ ಎರಡು ಹಾಕಿದರೆ ನಿಮಗೆ ಸಿಗುವುದು 4 ಟಿಬಿ, 8 ಅಲ್ಲ. ನ್ಯಾಸ್‌ಗೆ ಅಂತಲೇ ಮಾಡಿದ ಡಿಸ್ಕ್ ಕೇಳಿ, ಅದರಲ್ಲೂ ಸಿಎಂಆರ್ ಆಗಿರಲಿ. ಎಸ್‌ಎಂಆರ್ ಅನ್ನುವ ಇನ್ನೊಂದು ಬಗೆ ಇದೆ, ಅದರಲ್ಲಿ ಹೊಸ ಡೇಟಾ ಬರೆಯಲು ಪಕ್ಕದ ಪಟ್ಟಿಗಳನ್ನೂ ಮತ್ತೆ ಬರೆಯಬೇಕಾಗುತ್ತದೆ. ದಿನನಿತ್ಯ ಗೊತ್ತಾಗುವುದಿಲ್ಲ. ಒಂದು ಡಿಸ್ಕ್ ಸತ್ತು, ಹೊಸದಕ್ಕೆ ಟಿಬಿಗಟ್ಟಲೆ ತುಂಬಿಸುವ ದಿನ ಆಮೆಯಾಗುತ್ತದೆ. ಸಾಧ್ಯವಾದರೆ ಎರಡನ್ನೂ ಬೇರೆ ಬೇರೆ ಅಂಗಡಿಯಲ್ಲಿ ತಗೊಳ್ಳಿ. ಒಂದೇ ಬ್ಯಾಚಿನಲ್ಲಿ ಹುಟ್ಟಿದವು ಒಟ್ಟಿಗೆ ಕೈಕೊಡುವ ಅಪಾಯ ಇದೆ.

ಎಷ್ಟು ಜಾಗ ಬೇಕು? ಈಗಿರುವ ಡೇಟಾ ಎಷ್ಟು, ವರ್ಷಕ್ಕೆ ಎಷ್ಟು ಸೇರುತ್ತದೆ ಅಂತ ನೋಡಿ. ಕಂಪನಿ ಕಾಯ್ದೆ ಪ್ರಕಾರ ಲೆಕ್ಕದ ಪುಸ್ತಕ 8 ಹಣಕಾಸು ವರ್ಷ ಇಟ್ಟುಕೊಳ್ಳಬೇಕು, ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನಿನ ಕೊನೇ ದಿನಾಂಕದಿಂದ 72 ತಿಂಗಳು. ವರ್ಷಕ್ಕೆ 100 ಜಿಬಿ ಸೇರಿದರೂ ಎಂಟು ವರ್ಷಕ್ಕೆ 800 ಜಿಬಿ. ಹಾಗಾಗಿ 4 ಟಿಬಿ ಆರಾಮ, 2 ಟಿಬಿಯೂ ನಡೆಯುತ್ತದೆ.

ಡಿಸ್ಕ್ ಕೂರಿಸುವಾಗ ಒಂದು ಸಣ್ಣ ಕೆಲಸ. ಎರಡರ ಸೀರಿಯಲ್ ನಂಬರಿನ ಕೊನೇ ನಾಲ್ಕು ಅಕ್ಷರ ಸ್ಟಿಕರಿನಲ್ಲಿ ಬರೆದು, ಯಾವುದು ಮೇಲೆ ಯಾವುದು ಕೆಳಗೆ ಅಂತ ಕ್ಯಾಬಿನೆಟ್ ಹೊರಗೆ ಅಂಟಿಸಿ. ಒಂದು ಸತ್ತ ದಿನ ಚೆನ್ನಾಗಿರುವುದನ್ನೇ ಕಿತ್ತು ಹಾಕುವವರು ಇದ್ದಾರೆ.

ಹಂತ 3: ಕರೆಂಟ್

ನಮ್ಮ ಊರುಗಳಲ್ಲಿ ಸರ್ವರ್ ಸಾಯುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಆಫೀಸಿಗೆ ಇನ್ವರ್ಟರ್ ಇದೆಯಲ್ಲ, ಯುಪಿಎಸ್ ಯಾಕೆ ಅನ್ನುತ್ತಾರೆ. ಇನ್ವರ್ಟರ್ ಫ್ಯಾನಿಗೆ, ಲೈಟಿಗೆ ಮಾಡಿದ್ದು. ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವಾಗ ಒಂದು ಸಣ್ಣ ಅಂತರ ಬರುತ್ತದೆ, ಕೆಲವು ಕಂಪ್ಯೂಟರ್ ತಡೆಯುತ್ತವೆ, ಕೆಲವು ಧಪ್ ಅಂತ ಆಫ್ ಆಗುತ್ತವೆ. ಅದಕ್ಕಿಂತ ಮುಖ್ಯ, ಬ್ಯಾಟರಿ ಮುಗಿಯುತ್ತಿದೆ ಅಂತ ಇನ್ವರ್ಟರ್ ಸರ್ವರಿಗೆ ಹೇಳುವುದಿಲ್ಲ. ಇನ್ವರ್ಟರ್ ಲೈನಿಗೆ ಯುಪಿಎಸ್, ಯುಪಿಎಸ್‌ಗೆ ಸರ್ವರ್, ಈ ಸಾಲಿನಲ್ಲಿ ಹಾಕಿ.

ಯುಪಿಎಸ್ ಕೊಳ್ಳುವಾಗ ಹಿಂದೆ ಯುಎಸ್‌ಬಿ ಪೋರ್ಟ್ ಇದೆಯಾ ನೋಡಿ. ಅಗ್ಗದ 600 ವಿಎ ಮಾಡೆಲ್‌ಗಳಲ್ಲಿ ಬಹಳಷ್ಟಕ್ಕೆ ಇರುವುದಿಲ್ಲ. ಆ ಕೇಬಲ್ ಸರ್ವರಿಗೆ ಹಾಕಿ, ಓಪನ್‌ಮೀಡಿಯಾವಾಲ್ಟಿನಲ್ಲಿ ನಟ್ ಅನ್ನುವ ಪ್ಲಗಿನ್ ಹಾಕಿದರೆ ಬ್ಯಾಟರಿ ಇಳಿದಾಗ ಸರ್ವರ್ ತಾನೇ ಶಟ್‌ಡೌನ್ ಆಗುತ್ತದೆ. ಸೆಟ್ ಮಾಡಿ ಬಿಟ್ಟರೆ ಸಾಲದು, ಒಂದು ಸಂಜೆ ಪ್ಲಗ್ ಕಿತ್ತು ನಿಜವಾಗಲೂ ಆಗುತ್ತದಾ ನೋಡಿ. ಬಯಾಸ್ ಸೆಟ್ಟಿಂಗಿನಲ್ಲಿ ಕರೆಂಟ್ ವಾಪಸ್ ಬಂದಾಗ ತಾನೇ ಆನ್ ಆಗುವ ಆಯ್ಕೆಯೂ ಇರುತ್ತದೆ, ಅದನ್ನು ಆನ್ ಮಾಡಿ. ರೌಟರ್, ನೆಟ್‌ವರ್ಕ್ ಸ್ವಿಚ್ (ಎಲ್ಲ ಕಂಪ್ಯೂಟರುಗಳ ಕೇಬಲ್ ಬಂದು ಸೇರುವ ಪೆಟ್ಟಿಗೆ) ಎರಡೂ ಅದೇ ಯುಪಿಎಸ್ ಮೇಲಿರಲಿ. ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸತ್ತು ಹೋಗುತ್ತದೆ, ಖರ್ಚಿನ ಪಟ್ಟಿಯಲ್ಲಿ ಈಗಲೇ ಬರೆದಿಡಿ.

ಇನ್ನೊಂದು ವಿಷಯ ಯಾವ ಮ್ಯಾನ್ಯುಯಲ್ಲಿನಲ್ಲೂ ಇರುವುದಿಲ್ಲ. ರಾತ್ರಿ ಬೀಗ ಹಾಕುವಾಗ ಕೊನೆಯವರು ಮೇನ್ ಆಫ್ ಮಾಡಿ ಹೋಗುವುದು ನಮ್ಮಲ್ಲಿ ಅಭ್ಯಾಸ. ಒಳ್ಳೇ ಅಭ್ಯಾಸವೇ. ಆದರೆ ಸರ್ವರ್ ಬ್ಯಾಕಪ್ ತೆಗೆಯುವುದು ರಾತ್ರಿ ಎರಡಕ್ಕೆ! ಎಲೆಕ್ಟ್ರಿಷಿಯನ್ ಕರೆದು ಸರ್ವರಿಗೆ ಬೇರೆ ಎಂಸಿಬಿ, ಬೇರೆ ಲೈನ್ ಹಾಕಿಸಿ, ಉಳಿದದ್ದನ್ನೆಲ್ಲ ಆಫ್ ಮಾಡಿದರೂ ಅದೊಂದು ಉಳಿಯುವ ಹಾಗೆ. ಅದರ ಮೇಲೆ ಕೆಂಪಕ್ಷರದಲ್ಲಿ "ಆಫ್ ಮಾಡಬೇಡಿ" ಅಂತ ಕನ್ನಡದಲ್ಲೇ ಬರೆಯಿರಿ, ಬೆಳಗ್ಗೆ ಗುಡಿಸುವವರೂ ಓದಬೇಕಲ್ಲ. 50 ವ್ಯಾಟ್ ಎಳೆಯುವ ಮಷಿನ್ ತಿಂಗಳಿಡೀ ಓಡಿದರೆ ಆಗುವುದು 36 ಯೂನಿಟ್, ಅಷ್ಟಕ್ಕೆ ಚಿಂತೆ ಬೇಡ.

ಎಲೆಕ್ಟ್ರಿಷಿಯನ್ ಬಂದಾಗಲೇ ನ್ಯೂಟ್ರಲ್ಲಿಗೂ ಅರ್ಥಿಂಗಿಗೂ ನಡುವೆ ಎಷ್ಟು ವೋಲ್ಟ್ ಇದೆ ಅಳೆಸಿ. ಎರಡು ಮೂರು ವೋಲ್ಟ್ ದಾಟಿದರೆ ಅರ್ಥಿಂಗ್ ಸರಿ ಮಾಡಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ಇದೇ ಕಾಪಾಡುವುದು. ಎರಡು ಕಟ್ಟಡಗಳ ನಡುವೆ ಲ್ಯಾನ್ ಕೇಬಲ್ಲನ್ನು ಬಯಲಿನಲ್ಲಿ ಎಳೆದಿದ್ದರೆ ಅದು ಸಿಡಿಲಿಗೆ ಆಹ್ವಾನ, ಅಲ್ಲಿ ಫೈಬರ್ ಹಾಕಿಸಿ.

ಹಂತ 4: ವೈರು

ಗಿಗಾಬಿಟ್ ಸ್ವಿಚ್, ಕ್ಯಾಟ್ 6 ಕೇಬಲ್. ಹಳೇ 100 ಎಂಬಿಪಿಎಸ್ ಸ್ವಿಚ್ಚಿನಲ್ಲಿ ಸೆಕೆಂಡಿಗೆ ಸುಮಾರು 12 ಎಂಬಿ ಹೋಗುತ್ತದೆ, ಗಿಗಾಬಿಟ್ಟಿನಲ್ಲಿ 110ರ ಆಸುಪಾಸು. 10 ಜಿಬಿ ಕಾಪಿ ಮಾಡಲು ಒಂದರಲ್ಲಿ ಕಾಲು ಗಂಟೆ, ಇನ್ನೊಂದರಲ್ಲಿ ಒಂದೂವರೆ ನಿಮಿಷ. "ಸರ್ವರ್ ಸ್ಲೋ" ಅನ್ನುವ ದೂರುಗಳಲ್ಲಿ ಬಹಳಷ್ಟು ಹಳೇ ಸ್ವಿಚ್ಚಿನವು. ಟ್ಯಾಲಿ ಓಡುವ ಕಂಪ್ಯೂಟರುಗಳನ್ನು ವೈಫೈ ಮೇಲೆ ಇಡಬೇಡಿ. ಎಂಟ್ರಿ ಮಧ್ಯೆ ವೈಫೈ ಕಡಿದರೆ ಡೇಟಾ ಕೆಡಬಹುದು.

ಸರ್ವರಿನ ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸ, ದಿನಕ್ಕೊಂದಾಗಬಾರದು. ರೌಟರಿನ ಡಿಎಚ್‌ಸಿಪಿ ರಿಸರ್ವೇಷನ್ ಅನ್ನುವಲ್ಲಿ ಸರ್ವರಿನ ಮ್ಯಾಕ್ ಅಡ್ರೆಸ್ ಕೊಟ್ಟು 192.168.1.10 ಥರದ್ದೊಂದನ್ನು ಖಾಯಂ ಮಾಡಿ.

ಹಂತ 5: ಇನ್‌ಸ್ಟಾಲ್

ಇದು ಎಲ್ಲರೂ ಹೆದರುವ ಹಂತ, ನಿಜದಲ್ಲಿ ಸುಲಭದ್ದು. ಓಪನ್‌ಮೀಡಿಯಾವಾಲ್ಟಿನ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಇಳಿಸಿಕೊಂಡು, ರೂಫಸ್ ಥರದ ಪ್ರೋಗ್ರಾಮಿನಿಂದ ಪೆನ್‌ಡ್ರೈವಿಗೆ ಬರೆಯಿರಿ. ಡೇಟಾದ ಎರಡೂ ಡಿಸ್ಕಿನ ಕೇಬಲ್ ಕಿತ್ತಿಟ್ಟು, ಎಸ್‌ಎಸ್‌ಡಿ ಒಂದನ್ನೇ ಇಟ್ಟು ಬೂಟ್ ಮಾಡಿ. ತಪ್ಪು ಡಿಸ್ಕಿಗೆ ಇನ್‌ಸ್ಟಾಲ್ ಆಗುವ ಪ್ರಶ್ನೆಯೇ ಬರುವುದಿಲ್ಲ. ಮುಗಿದ ಮೇಲೆ ಡಿಸ್ಕ್ ಜೋಡಿಸಿ, ಮಾನಿಟರ್ ಕಿತ್ತು ಬೇರೆಯವರಿಗೆ ಕೊಡಿ. ಉಳಿದದ್ದೆಲ್ಲ ನಿಮ್ಮ ಕಂಪ್ಯೂಟರಿನ ಬ್ರೌಸರಿನಿಂದ, ಆ ಐಪಿ ಹೊಡೆದು.

ಮೊದಲ ಲಾಗಿನ್ ಹೆಸರು ಅಡ್ಮಿನ್, ಪಾಸ್‌ವರ್ಡ್ ಓಪನ್‌ಮೀಡಿಯಾವಾಲ್ಟ್ ಅಂತಲೇ, ಎರಡೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ. ಇದು ಜಗತ್ತಿಗೆಲ್ಲ ಗೊತ್ತಿರುವ ಪಾಸ್‌ವರ್ಡ್, ಆ ಕ್ಷಣವೇ ಬದಲಿಸಿ. ಆಮೇಲೆ ಟೈಮ್‌ಝೋನ್ ಕೋಲ್ಕತ್ತಾ, ಅಪ್‌ಡೇಟ್, ನಂತರ ಫೈಲ್ ಸಿಸ್ಟಮ್ಸ್ ಮೆನುವಿನಲ್ಲಿ ಬಿಟಿಆರ್‌ಎಫ್‌ಎಸ್ ಆರಿಸಿ, ರೇಡ್ 1 ಅಂತ ಹೇಳಿ ಎರಡೂ ಡಿಸ್ಕ್ ಟಿಕ್ ಮಾಡಿ. ಬಿಟಿಆರ್‌ಎಫ್‌ಎಸ್ ಯಾಕೆ ಅಂದರೆ ಸ್ನ್ಯಾಪ್‌ಶಾಟಿಗೋಸ್ಕರ, ಬ್ಯಾಕಪ್ ಹಂತದಲ್ಲಿ ಹೇಳುತ್ತೇನೆ. ಏನೇ ಬದಲಿಸಿದರೂ ಮೇಲೆ ಒಂದು ಹಳದಿ ಪಟ್ಟಿ ಬರುತ್ತದೆ, ಅಲ್ಲಿ ಟಿಕ್ ಒತ್ತುವ ತನಕ ಏನೂ ಜಾರಿಯಾಗುವುದಿಲ್ಲ. ಎಲ್ಲ ಮಾಡಿದೆ ಏನೂ ಆಗ್ತಿಲ್ಲ ಅನ್ನುವವರು ಮೊದಲು ಆ ಪಟ್ಟಿ ನೋಡಿ.

ಹಂತ 6: ಜನ, ಫೋಲ್ಡರು, ಅನುಮತಿ

ಎಲ್ಲರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಮಾಡಿಬಿಡೋಣ ಅನ್ನಿಸುತ್ತದೆ. ಬೇಡ. ಪಾಸ್‌ವರ್ಡೇ ಬೇಡದ ಗೆಸ್ಟ್ ಶೇರ್ ಅಂತೂ ಈಗ ನಡೆಯುವುದೂ ಇಲ್ಲ, ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿ ಅದನ್ನು ತಾನೇ ತಡೆಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಯೂಸರ್ ಮಾಡಿ. ಆರ್ಟಿಕಲ್‌ಶಿಪ್ ಅವಧಿಯೇ 2023ರ ಜುಲೈಯಿಂದ ಎರಡು ವರ್ಷ, ಹುಡುಗರು ಬರುತ್ತಾರೆ ಹೋಗುತ್ತಾರೆ. ಹೋದ ದಿನ ಅವರೊಬ್ಬರ ಯೂಸರ್ ಮುಚ್ಚಿದರೆ ಮುಗಿಯಿತು, ಉಳಿದವರ ಪಾಸ್‌ವರ್ಡ್ ಬದಲಿಸುವ ಗೋಜಿಲ್ಲ.

ಅನುಮತಿ ಕೊಡುವುದು ವ್ಯಕ್ತಿಗೆ ಬೇಡ, ಗುಂಪಿಗೆ ಕೊಡಿ. ಆಡಿಟ್, ಜಿಎಸ್‌ಟಿ, ಮಾಲೀಕರು ಅಂತ ಮೂರು ಗುಂಪು ಸಾಕು. ಫೋಲ್ಡರುಗಳೂ ಕಡಿಮೆ ಇರಲಿ: ಟ್ಯಾಲಿ, ಕ್ಲೈಂಟ್ಸ್, ಸ್ಕ್ಯಾನ್, ಆಫೀಸು, ಮಾಲೀಕರು. ಕ್ಲೈಂಟ್ಸ್ ಒಳಗೆ ಮೊದಲು ಕ್ಲೈಂಟ್ ಹೆಸರು, ಅದರೊಳಗೆ ಹಣಕಾಸು ವರ್ಷ. ವರ್ಷ ಮೊದಲು ಇಟ್ಟರೆ ಹಳೇ ಕ್ಲೈಂಟಿನ ಕಾಗದ ಹುಡುಕಲು ಎಂಟು ಫೋಲ್ಡರ್ ಅಲೆಯಬೇಕಾಗುತ್ತದೆ. ಸ್ಕ್ಯಾನರಿಗೆ ಪ್ರತ್ಯೇಕ ಯೂಸರ್ ಮಾಡಿ, ಸ್ಕ್ಯಾನ್ ಫೋಲ್ಡರಿಗೆ ಮಾತ್ರ ಬರೆಯುವ ಹಕ್ಕು ಕೊಡಿ.

ಪ್ರತಿ ಆಡಿಟರ್ ಆಫೀಸಿನಲ್ಲೂ ಒಂದು ಎಕ್ಸೆಲ್ ಫೈಲ್ ಇರುತ್ತದೆ ಅಲ್ವಾ, ಎಲ್ಲ ಕ್ಲೈಂಟುಗಳ ಇನ್‌ಕಮ್ ಟ್ಯಾಕ್ಸ್ ಮತ್ತು ಜಿಎಸ್‌ಟಿ ಪೋರ್ಟಲ್ ಪಾಸ್‌ವರ್ಡ್ ಇರುವುದು, ಹೆಸರೇ ಪಾಸ್‌ವರ್ಡ್ಸ್ ಅಂತ. ಅದನ್ನು ಹಾಗೇ ಸರ್ವರಿಗೆ ತಳ್ಳಬೇಡಿ. ಕೀಪಾಸ್ ಅನ್ನುವ ಉಚಿತ ಪ್ರೋಗ್ರಾಮಿಗೆ ಹಾಕಿ, ಆ ಫೈಲನ್ನು ಬೇಕಾದವರಿಗೆ ಮಾತ್ರ ತೆರೆಯುವ ಫೋಲ್ಡರಿನಲ್ಲಿಡಿ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಒಂದು ಎಚ್ಚರಿಕೆ. ಯೂನಿಕೋಡ್ ಹೆಸರುಗಳು ಲಿನಕ್ಸ್ ಸರ್ವರಿನಲ್ಲಿ ಚೆನ್ನಾಗಿಯೇ ನಡೆಯುತ್ತವೆ. ಆದರೆ ಲಿನಕ್ಸಿನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ ಇದೆ, ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಕಾಗುಣಿತದ ಗುರುತು, ಅರ್ಕಾವತ್ತು, ಒತ್ತಕ್ಷರ ಎಲ್ಲ ಬೇರೆ ಬೇರೆ ಲೆಕ್ಕ, "ಕ್ಷೀ" ಅನ್ನುವ ಒಂದಕ್ಷರವೇ 12 ಬೈಟ್. ಅಂದರೆ ಒಟ್ಟು 85 ಚಿಹ್ನೆ. ಹತ್ತು ಹನ್ನೆರಡು ಪದದ ಉದ್ದನೆಯ ಹೆಸರಿದ್ದರೆ ವಿಂಡೋಸಿನಲ್ಲಿ ಇರುತ್ತದೆ, ಸರ್ವರಿಗೆ ಕಾಪಿ ಮಾಡುವಾಗ ಎರರ್ ಬರುತ್ತದೆ, ಯಾಕೆ ಅಂತ ಯಾರಿಗೂ ಹೊಳೆಯುವುದಿಲ್ಲ. ಹೆಸರು ಗಿಡ್ಡ ಮಾಡಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು ಸರ್ವರಿನಲ್ಲಿ ಸುರಕ್ಷಿತವಾಗಿಯೇ ಇರುತ್ತವೆ, ಆದರೆ ಒಳಗಿನ ಪದ ಯೂನಿಕೋಡಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಬೇಕಾದವನ್ನು ಪರಿವರ್ತಿಸಿಟ್ಟುಕೊಳ್ಳಿ.

ಕೊನೆಗೆ ಪ್ರತಿ ಕಂಪ್ಯೂಟರಿನಲ್ಲೂ ಮ್ಯಾಪ್ ನೆಟ್‌ವರ್ಕ್ ಡ್ರೈವ್ ಮಾಡಿ, ಎಲ್ಲರಿಗೂ ಒಂದೇ ಡ್ರೈವ್ ಅಕ್ಷರ ಬರುವ ಹಾಗೆ. ಎಕ್ಸೆಲ್ ಲಿಂಕುಗಳು ಮುರಿಯದಿರಲು ಇದು ಬೇಕು.

ಹಂತ 7: ಟ್ಯಾಲಿ

ಟ್ಯಾಲಿಪ್ರೈಮ್ ಸಿಲ್ವರ್ ಒಂದೇ ಕಂಪ್ಯೂಟರಿಗೆ, ಒಂದೇ ಲ್ಯಾನಿನಲ್ಲಿ ಹಲವರು ಕೆಲಸ ಮಾಡಲು ಗೋಲ್ಡ್ ಬೇಕು. ಲಿನಕ್ಸ್ ಸರ್ವರಿನಲ್ಲಿ ಟ್ಯಾಲಿಯಾಗಲಿ ಅದರ ಲೈಸೆನ್ಸ್ ಸರ್ವರ್ ಆಗಲಿ ನೇರವಾಗಿ ಓಡುವುದಿಲ್ಲ. ಲೈಸೆನ್ಸ್ ಯಾವುದಾದರೂ ಒಂದು ವಿಂಡೋಸ್ ಕಂಪ್ಯೂಟರಿನಲ್ಲಿರುತ್ತದೆ, ಉಳಿದವು ಅಲ್ಲಿಂದ 9999 ಪೋರ್ಟಿನಲ್ಲಿ ಪಡೆಯುತ್ತವೆ. ಸರ್ವರಿನಲ್ಲಿರುವುದು ಡೇಟಾ ಮಾತ್ರ. ಲೈಸೆನ್ಸ್ ಇರುವ ಕಂಪ್ಯೂಟರ್ ಬೆಳಗ್ಗೆ ಮೊದಲು ಆನ್ ಆಗಬೇಕು, ಅದು ರಜೆ ಹಾಕುವವರ ಮೇಜಿನದ್ದಾಗಿರದೆ ಇರಲಿ.

ಡೇಟಾ ಸಾಗಿಸುವ ದಿನ ಎಲ್ಲರೂ ಟ್ಯಾಲಿ ಮುಚ್ಚಲಿ. ಹಳೇ ಡೇಟಾ ಫೋಲ್ಡರಿನಲ್ಲಿ 10000, 10001 ಥರ ಅಂಕಿಗಳ ಫೋಲ್ಡರುಗಳಿರುತ್ತವೆ, ಒಂದೊಂದೂ ಒಂದು ಕಂಪನಿ. ಅಷ್ಟನ್ನೂ ಸರ್ವರಿನ ಟ್ಯಾಲಿ ಫೋಲ್ಡರಿಗೆ ಕಾಪಿ ಮಾಡಿ, ಪ್ರತಿ ಕಂಪ್ಯೂಟರಿನ ಟ್ಯಾಲಿಯಲ್ಲಿ ಡೇಟಾ ಪಾತ್ ಬದಲಿಸಿ. ಹಳೇ ಫೋಲ್ಡರ್ ಅಳಿಸಬೇಡಿ, ಹೆಸರು ಬದಲಿಸಿ. ಹೆಸರು ಬದಲಿಸದಿದ್ದರೆ ಒಬ್ಬರು ಗೊತ್ತಿಲ್ಲದೆ ಹಳೆಯದರಲ್ಲೇ ವಾರವಿಡೀ ಎಂಟ್ರಿ ಹಾಕುತ್ತಾ ಹೋಗುತ್ತಾರೆ.

ಇನ್ನೊಂದು ಸೆಟ್ಟಿಂಗ್. ವಿಂಡೋಸ್ ಕಂಪ್ಯೂಟರುಗಳು ವೇಗಕ್ಕಾಗಿ ಸರ್ವರಿನ ಫೈಲನ್ನು ತಮ್ಮಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತವೆ, ಇದಕ್ಕೆ ಓಪ್‌ಲಾಕ್ ಅಂತಾರೆ. ವರ್ಡ್ ಫೈಲಿಗೆ ಪರವಾಗಿಲ್ಲ. ಹಲವರು ಒಟ್ಟಿಗೆ ಬರೆಯುವ ಡೇಟಾಬೇಸಿಗೆ ಅಪಾಯ. ಟ್ಯಾಲಿ ಶೇರಿನ ಎಕ್ಸ್‌ಟ್ರಾ ಆಪ್ಷನ್ಸ್ ಪೆಟ್ಟಿಗೆಯಲ್ಲಿ ಓಪ್‌ಲಾಕ್ಸ್, ಲೆವೆಲ್2 ಓಪ್‌ಲಾಕ್ಸ್ ಎರಡನ್ನೂ "ನೋ" ಮಾಡಿ, ಇಂಗ್ಲಿಷಿನಲ್ಲೇ, ಒಂದೊಂದು ಸಾಲಿನಲ್ಲಿ. ಉಳಿದ ಶೇರುಗಳಿಗೆ ಬೇಡ.

ಹಂತ 8: ಬ್ಯಾಕಪ್

ಎರಡು ಡಿಸ್ಕಿನಲ್ಲಿ ಒಂದೇ ಡೇಟಾ ಇದೆಯಲ್ಲ, ಅದೇ ಬ್ಯಾಕಪ್ ಅಲ್ವಾ? ಅಲ್ಲ. ನೀವು ಒಂದು ಫೈಲ್ ಅಳಿಸಿದರೆ ಎರಡರಲ್ಲೂ ಅದೇ ಕ್ಷಣ ಅಳಿಯುತ್ತದೆ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದರೆ ಎರಡಕ್ಕೂ ಬೀಗ ಹಾಕುತ್ತದೆ. ಕಳ್ಳ ಬಂದರೆ ಇಡೀ ಪೆಟ್ಟಿಗೆ ಹೋಗುತ್ತದೆ. ರೇಡ್ ಇರುವುದು ಡಿಸ್ಕ್ ಸತ್ತ ದಿನವೂ ಆಫೀಸು ನಡೆಯಲಿ ಅಂತ ಮಾತ್ರ.

ಹಾಗಾಗಿ ಮೂರು ಪದರ.

ಮೊದಲನೆಯದು ಸ್ನ್ಯಾಪ್‌ಶಾಟ್. ಶೇರ್ಡ್ ಫೋಲ್ಡರುಗಳು ಆ ಹೊತ್ತಿನಲ್ಲಿ ಹೇಗಿದ್ದವೋ ಹಾಗೇ ಒಂದು ನೆನಪು, ಬದಲಾದಷ್ಟಕ್ಕೆ ಮಾತ್ರ ಜಾಗ ತಿನ್ನುತ್ತದೆ. ಬಿಟಿಆರ್‌ಎಫ್‌ಎಸ್ ಹಾಕಿದ್ದರಿಂದ ಇದು ತಾನಾಗಿ ಆಗುವಂತೆ ಇಡಬಹುದು. ಮಧ್ಯಾಹ್ನ ಊಟದ ಹೊತ್ತಿಗೊಂದು, ರಾತ್ರಿಗೊಂದು ಸಾಕು. ಸಾಂಬಾದಲ್ಲಿ ಶ್ಯಾಡೋ ಕಾಪಿ ಆನ್ ಮಾಡಿದರೆ, ಹಾಳಾದ ಎಕ್ಸೆಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರೀವಿಯಸ್ ವರ್ಷನ್ಸ್ ನೋಡಿ ಸಿಬ್ಬಂದಿಯೇ ವಾಪಸ್ ತಗೊಳ್ಳುತ್ತಾರೆ, ನಿಮ್ಮನ್ನು ಕರೆಯುವುದಿಲ್ಲ. ಯಾರದೋ ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ ಬಂದು ಮ್ಯಾಪ್ ಮಾಡಿದ ಡ್ರೈವಿನ ಫೈಲೆಲ್ಲ ಕೆಡಿಸಿದರೂ ಅಲ್ಲಿಂದ ಹಳೇ ಸ್ನ್ಯಾಪ್‌ಶಾಟುಗಳನ್ನು ಬದಲಿಸಲು ಆಗುವುದಿಲ್ಲ.

ಎರಡನೆಯದು ಹೊರಗಿನ ಡಿಸ್ಕ್. ಒಂದಲ್ಲ, ಎರಡು. ಯುಎಸ್‌ಬಿ ಬ್ಯಾಕಪ್ ಅನ್ನುವ ಪ್ಲಗಿನ್ ಹಾಕಿದರೆ ಡಿಸ್ಕ್ ಚುಚ್ಚಿದ ತಕ್ಷಣ ಕಾಪಿ ಶುರುವಾಗುತ್ತದೆ. ಒಂದು ವಾರ ಒಂದು ಡಿಸ್ಕ್, ಮುಂದಿನ ವಾರ ಇನ್ನೊಂದು. ಬಳಸದೇ ಇರುವುದು ಮಾಲೀಕರ ಮನೆಯ ಬೀರುವಿನಲ್ಲಿ. ಒಂದೇ ಡಿಸ್ಕ್ ಇಟ್ಟುಕೊಂಡು ಅದನ್ನು ಸದಾ ಸರ್ವರಿಗೇ ಚುಚ್ಚಿಟ್ಟರೆ ಏನೂ ಪ್ರಯೋಜನವಿಲ್ಲ, ಸಿಡಿಲಿಗೆ, ಕಳ್ಳನಿಗೆ ಎರಡೂ ಒಟ್ಟಿಗೆ ಸಿಗುತ್ತವೆ. ಎರಡು ಯಾಕೆ ಅಂದರೆ, ಕೆಟ್ಟ ಫೈಲುಗಳನ್ನೇ ಗೊತ್ತಿಲ್ಲದೆ ಈ ವಾರದ ಡಿಸ್ಕಿಗೆ ಕಾಪಿ ಮಾಡಿದ್ದರೂ ಹೋದ ವಾರದ್ದು ಮನೆಯಲ್ಲಿ ಚೆನ್ನಾಗಿರುತ್ತದೆ. ಕಾಪಿ ಶುರು ಮಾಡುವ ಮುಂಚೆ ಎಲ್ಲರೂ ಟ್ಯಾಲಿ ಮುಚ್ಚಿರಬೇಕು, ತೆರೆದಿರುವಾಗ ತೆಗೆದ ಕಾಪಿ ಅರ್ಧಂಬರ್ಧ ಬರಬಹುದು.

ಮೂರನೆಯದು ಊರಿಂದಾಚೆ. ರೆಸ್ಟಿಕ್ ಅನ್ನುವ ಉಚಿತ ಪ್ರೋಗ್ರಾಂ ಡೇಟಾವನ್ನು ನಿಮ್ಮಲ್ಲೇ ಎನ್‌ಕ್ರಿಪ್ಟ್ ಮಾಡಿ ಕ್ಲೌಡಿಗೆ ಕಳಿಸುತ್ತದೆ, ಎರಡನೇ ಸಲದಿಂದ ಬದಲಾದಷ್ಟೇ ಹೋಗುತ್ತದೆ. ರಾತ್ರಿ ಎರಡು ಗಂಟೆ ಅಂದದ್ದು ಇದಕ್ಕೇ. ಇದನ್ನು ಹಾಕಲು ಸ್ವಲ್ಪ ಕಮಾಂಡ್ ಬೇಕು, ಲಿನಕ್ಸ್ ಗೊತ್ತಿರುವವರೊಬ್ಬರನ್ನು ಒಂದು ಮಧ್ಯಾಹ್ನ ಕರೆಸಿ. ಪಾಸ್‌ವರ್ಡ್ ಕಳೆದರೆ ದೇವರು ಬಂದರೂ ಆ ಡೇಟಾ ತೆರೆಯುವುದಿಲ್ಲ, ಕಾಗದದ ಮೇಲೆ ಬರೆದು ಬ್ಯಾಂಕ್ ಲಾಕರಿನಲ್ಲಿಡಿ.

ಕ್ಲೌಡ್ ಎಲ್ಲಿದೆ ಅನ್ನುವುದೂ ಮುಖ್ಯ. ಎಲೆಕ್ಟ್ರಾನಿಕ್ ರೂಪದ ಲೆಕ್ಕದ ಪುಸ್ತಕಗಳ ಬ್ಯಾಕಪ್ ಭಾರತದಲ್ಲೇ ಇರುವ ಸರ್ವರಿನಲ್ಲಿ ದಿನಾ ಇರಬೇಕು ಅಂತ ಕಂಪನಿಗಳ ಲೆಕ್ಕಪತ್ರ ನಿಯಮ ಹೇಳುತ್ತದೆ. ಮೊದಲು ಆಗಾಗ ಅಂತಿದ್ದದ್ದನ್ನು 2022ರ ಆಗಸ್ಟಿನಲ್ಲಿ ದಿನಾ ಅಂತ ಬದಲಿಸಿದರು. ಇದು ಕಂಪನಿಗಳ ಹೊಣೆ, ಆದರೆ ಅವರ ಪುಸ್ತಕ ಬರೆಯುವವರು ನೀವಾದರೆ ಕೇಳುವುದು ನಿಮ್ಮನ್ನೇ. ಕ್ಲೌಡ್ ಖಾತೆ ತೆರೆಯುವಾಗ ಮುಂಬೈ ರೀಜನ್ ಆರಿಸಿ.

ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಒಂದು ಕಂಪನಿಯನ್ನು ಬೇರೆ ಕಂಪ್ಯೂಟರಿಗೆ ಇಳಿಸಿ ಟ್ಯಾಲಿಯಲ್ಲಿ ತೆರೆದು, ಬ್ಯಾಲೆನ್ಸ್ ಶೀಟ್ ಸರಿಯಾಗಿದೆಯಾ ನೋಡಿ. ಮೂರರಲ್ಲಿ ಯಾವ ಪದರ ಬಿಟ್ಟರೂ ಸಹಿಸಬಹುದು, ಈ ಪರೀಕ್ಷೆ ಬಿಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಲಾಗಿನಲ್ಲಿ ಹಸಿರು ಟಿಕ್ ಬಂದ ಮಾತ್ರಕ್ಕೆ ಡೇಟಾ ಇದೆ ಅಂತಲ್ಲ.

ಹಂತ 9: ಹೊರಗಿನಿಂದ ಬಳಸುವುದು

ಮನೆಯಿಂದ ಫೈಲ್ ಬೇಕು ಅಂತ ಮಾಲೀಕರು ಕೇಳೇ ಕೇಳುತ್ತಾರೆ. ಸುಲಭದ ದಾರಿ ಅಂತ ರೌಟರಿನಲ್ಲಿ ಪೋರ್ಟ್ ತೆರೆದುಕೊಡುವವರಿದ್ದಾರೆ. 445 (ಫೈಲ್ ಶೇರಿನದ್ದು) ಅಥವಾ 3389 (ರಿಮೋಟ್ ಡೆಸ್ಕ್‌ಟಾಪಿನದ್ದು) ಪೋರ್ಟನ್ನು ಇಂಟರ್‌ನೆಟ್ಟಿಗೆ ತೆರೆಯಲೇಬೇಡಿ. 2017ರ ಮೇನಲ್ಲಿ ವನ್ನಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಜಗತ್ತಿಡೀ ಹರಡಿದ್ದು ಇದೇ 445ರ ಮೂಲಕ, ಅದೂ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟು ಎರಡು ತಿಂಗಳಾದ ಮೇಲೆ. ವೈರ್‌ಗಾರ್ಡ್ ವಿಪಿಎನ್ ಬಳಸಿ, ಮನೆಯಿಂದ ಆಫೀಸಿನ ನೆಟ್‌ವರ್ಕಿಗೆ ಬೇರೆಯವರು ಇಣುಕದ ದಾರಿ ಅದು. ನಮ್ಮ ಫೈಬರ್ ಕನೆಕ್ಷನ್ನುಗಳಲ್ಲಿ ಸ್ವಂತ ಪಬ್ಲಿಕ್ ಐಪಿ ಸಿಗುವುದು ಕಷ್ಟ, ಅಂಥಲ್ಲಿ ಅದೇ ಕೆಲಸ ಮಾಡುವ ಟೇಲ್‌ಸ್ಕೇಲ್ ಸುಲಭ. ವಿಪಿಎನ್ ಮೇಲೆ ನೇರವಾಗಿ ಟ್ಯಾಲಿ ಡೇಟಾ ತೆರೆಯಬೇಡಿ, ವೈಫೈಗೆ ಹೇಳಿದ್ದೇ ಇಲ್ಲೂ. ಆಫೀಸಿನ ಒಂದು ಕಂಪ್ಯೂಟರಿಗೆ ರಿಮೋಟ್ ಹೋಗಿ ಅಲ್ಲಿ ತೆರೆಯಿರಿ.

ಆಮೇಲೆ ನೋಡಿಕೊಳ್ಳುವುದು

ಸರ್ವರಿಗೆ ಒಂದು ಜಿಮೇಲ್ ಖಾತೆ ಕೊಟ್ಟು, ಆಪ್ ಪಾಸ್‌ವರ್ಡ್ ಹಾಕಿ ನೋಟಿಫಿಕೇಶನ್ ಆನ್ ಮಾಡಿ. ಡಿಸ್ಕ್ ಕೆಡುವ ಮುಂಚೆ ಬಹಳ ಸಲ ಸೂಚನೆ ಕೊಡುತ್ತದೆ, ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವುದು) ಪೆಂಡಿಂಗ್ ಸೆಕ್ಟರ್, ರೀಅಲೊಕೇಟೆಡ್ ಸೆಕ್ಟರ್ ಎಣಿಕೆ ಏರುತ್ತಿದ್ದರೆ ಹೊಸ ಡಿಸ್ಕ್ ತರಿಸಿ, ಕಾಯಬೇಡಿ. ತಿಂಗಳಿಗೊಮ್ಮೆ ಅಪ್‌ಡೇಟ್ ಮಾಡಿ, ಜುಲೈ ಕೊನೇ ವಾರ, ಸೆಪ್ಟೆಂಬರ್ ಕೊನೇ ವಾರದಂಥ ಗಡುವಿನ ದಿನ ಮಾತ್ರ ಮುಟ್ಟಬೇಡಿ. ಆಯುಧ ಪೂಜೆಗೆ ಹೇಗೂ ಎಲ್ಲ ಮಷಿನ್ ಒರೆಸುತ್ತೀರಿ, ಅವತ್ತೇ ಸರ್ವರ್ ಸರಿಯಾಗಿ ಶಟ್‌ಡೌನ್ ಮಾಡಿ ಬ್ಲೋವರಿನಲ್ಲಿ ಧೂಳು ತೆಗೆಯಿರಿ. ಕುಂಕುಮ ಮುಂದೆ ಹಚ್ಚಿ, ಫ್ಯಾನ್ ಇರುವ ಹಿಂಬದಿಗೆ ಬೇಡ.

ಡಿಸ್ಕ್ ಸತ್ತೇ ಹೋಯಿತು ಅಂತ ಮೇಲ್ ಬಂದರೆ ಮೊದಲು ರೀಸ್ಟಾರ್ಟ್ ಮಾಡಬೇಡಿ. ಉಳಿದ ಡಿಸ್ಕಿನಿಂದ ಕೆಲಸ ನಡೆಯುತ್ತಿರುತ್ತದೆ, ಯುಎಸ್‌ಬಿ ಡಿಸ್ಕ್ ಚುಚ್ಚಿ ತಾಜಾ ಬ್ಯಾಕಪ್ ತೆಗೆಯಿರಿ. ಆಮೇಲೆ ಶಟ್‌ಡೌನ್ ಮಾಡಿ, ಹೊರಗಿನ ಸ್ಟಿಕರ್ ನೋಡಿ ಸತ್ತದ್ದನ್ನು ತೆಗೆದು ಹೊಸದು ಕೂರಿಸಿ. ಒಂದು ಡಿಸ್ಕ್ ಕಡಿಮೆ ಇರುವಾಗ ಬಿಟಿಆರ್‌ಎಫ್‌ಎಸ್ ತಾನಾಗಿ ತೆರೆಯದೇ ಇರಬಹುದು, ಫೋಲ್ಡರುಗಳೇ ಕಾಣದಿರಬಹುದು. ಡೇಟಾ ಹೋಗಿಲ್ಲ, ಹೆದರಿ ಫಾರ್ಮ್ಯಾಟ್ ಒತ್ತಬೇಡಿ. ಡಿಗ್ರೇಡೆಡ್ ಅನ್ನುವ ಆಯ್ಕೆ ಕೊಟ್ಟು ತೆರೆದು, ರಿಪ್ಲೇಸ್ ಕಮಾಂಡ್ ಕೊಟ್ಟರೆ ಹೊಸ ಡಿಸ್ಕಿಗೆ ಡೇಟಾ ತುಂಬಲು ಶುರುವಾಗುತ್ತದೆ. ಇದಕ್ಕೂ ಆ ಲಿನಕ್ಸ್ ಗೊತ್ತಿರುವವರನ್ನೇ ಕರೆಯಿರಿ.

ತೆಗೆದ ಡಿಸ್ಕನ್ನು ಹಾಗೇ ಗುಜರಿಗೆ ಹಾಕಬೇಡಿ. ಓಡದ ಡಿಸ್ಕಿನೊಳಗೂ ಕ್ಲೈಂಟುಗಳ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದೇ ಇರುತ್ತವೆ. ವಾರಂಟಿಯಲ್ಲಿ ಹೊಸದು ಬೇಕೆಂದರೆ ಅದನ್ನು ಹಾಗೇ ವಾಪಸ್ ಕೊಡಬೇಕಾಗುತ್ತದೆ. ಓಡುತ್ತಿದ್ದರೆ ಪೂರ್ತಿ ಅಳಿಸಿ ಕೊಡಿ, ಓಡದೇ ಇದ್ದರೆ ನಾನಾದರೆ ವಾರಂಟಿ ಬಿಟ್ಟು ಡ್ರಿಲ್ ತಗೊಳ್ಳುತ್ತೇನೆ, ತಟ್ಟೆಗಳ ಮೂಲಕ ಹಾಯುವ ಹಾಗೆ ಮೂರು ನಾಲ್ಕು ತೂತು. ಆಮೇಲೆ ಅದನ್ನು ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ಯುಪಿಎಸ್‌ನ ಹಳೇ ಬ್ಯಾಟರಿ ಮಾತ್ರ ಬ್ಯಾಟರಿ ಅಂಗಡಿಗೇ ಒಯ್ಯಿರಿ, ಹೊಸದರ ಬೆಲೆಯಲ್ಲಿ ಸ್ವಲ್ಪ ಮುರಿದುಕೊಳ್ಳುತ್ತಾರೆ.